ಪೊಟ್ಟಣದ ಋಣ

ಯುದ್ಧಕ್ಕೆ ಹೋಗಿ ಬಂದವರ ಬಾಯಿಂದ ಯುದ್ಧದ ಕಥೆ ಕೇಳಬೇಕೆಂದು ಹೋದವರಿಗೆ ಸಾಮಾನ್ಯವಾಗಿ ನಿರಾಶೆಯೇ ಕಾದಿರುತ್ತದೆ. ಗುಂಡಿನ ಮಾತನ್ನು ಎರಡು ವಾಕ್ಯಗಳಲ್ಲಿ ಮುಗಿಸಿ ಅವರು ಊಟದ ಮಾತಿಗೆ ಇಳಿದುಬಿಡುತ್ತಾರೆ. ಯಾವ ಠಾಣ್ಯದಲ್ಲಿ ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಯುತ್ತಿರಲಿಲ್ಲ, ಯಾವ ಚಳಿಯಲ್ಲಿ ಚಹಾ ಬಾಯಿಗೆ ಬರುವುದರೊಳಗೆ ತಣ್ಣಗಾಗುತ್ತಿತ್ತು, ಯಾವ ಅಡಿಗೆಯವನ ಕೈಗುಣ ಹೇಗಿತ್ತು ಎಂಬುದೆಲ್ಲ ಐವತ್ತು ವರ್ಷ ಕಳೆದರೂ ಅವರಿಗೆ ನಿನ್ನೆಯದೆಂಬಂತೆ ನೆನಪಿರುತ್ತದೆ. ಇದನ್ನು ನಾನು ಬಹಳ ಕಾಲ ವಯಸ್ಸಾದವರ ಹಗುರವಾದ ಹರಟೆಯೆಂದೇ ತಿಳಿದಿದ್ದೆ. ಈಚೆಗೆ ಹೇಮಗಿರಿಯ ಜಾತ್ರೆಗೆ ಹೋಗಿದ್ದಾಗ ನನ್ನ ಆ ತಿಳಿವಳಿಕೆ ತಪ್ಪೆಂದು ಗೊತ್ತಾಯಿತು. ಅಲ್ಲಿ ನನಗೊಂದು ಪ್ರಶ್ನೆ ಎದುರಾಯಿತು. ಅದಕ್ಕೆ ನಾನು ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಅದನ್ನು ವಾಚಕರ ಮುಂದಿಡುವುದು ಈ ಬರೆಹದ ಉದ್ದೇಶ.

ಹೇಮಗಿರಿ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ದಡದಲ್ಲಿರುವ ಸ್ಥಳ. ಅಲ್ಲಿ ಕಲ್ಯಾಣ ವೆಂಕಟರಮಣಸ್ವಾಮಿಯ ಗುಡಿಯಿದೆ, ನದಿಗೆ ಅಡ್ಡಲಾಗಿ ಕಟ್ಟಿದ ಅಣೆಯಿದೆ. ರಥಸಪ್ತಮಿಯ ಆಸುಪಾಸಿನಲ್ಲಿ ದನಗಳ ಜಾತ್ರೆ ಸೇರುತ್ತದೆ. ನನ್ನ ಊರು ಅದೇ ಸೀಮೆಯದು. ಹೊಟ್ಟೆಪಾಡಿಗಾಗಿ ಪಟ್ಟಣದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದರೂ ಜಾತ್ರೆಯ ಹೊತ್ತಿಗೆ ಕಾಲು ತಾನಾಗಿ ಅತ್ತ ಎಳೆಯುತ್ತದೆ. ಹಳ್ಳಿಕಾರ್ ಎತ್ತುಗಳ ಸಾಲು, ಹುಲ್ಲಿನ ವಾಸನೆ, ಕಡ್ಲೆಪುರಿಯ ರಾಶಿ, ಬೆಂಡು ಬತ್ತಾಸಿನ ಅಂಗಡಿ ಎಲ್ಲವನ್ನೂ ದಾಟಿ ನಾನು ಹುಡುಕುವುದು ಒಂದು ಮರದ ನೆರಳನ್ನು. ಅಲ್ಲಿ ನಮ್ಮೂರ ‘ಮಿಲಿಟರಿ ದೊಡ್ಡಪ್ಪ’ ಕೂತಿರುತ್ತಾರೆ. ಊರಿಗೆಲ್ಲ ಅವರು ದೊಡ್ಡಪ್ಪ. ಅವರ ಸ್ವಂತ ಹೆಸರನ್ನು ಕರೆಯುವವರು ಈಗ ಊರಿನಲ್ಲಿ ಇಬ್ಬರೋ ಮೂವರೋ ಉಳಿದಿರಬಹುದು.

ದೊಡ್ಡಪ್ಪನವರಿಗೆ ಎಪ್ಪತ್ತೇಳರ ಆಸುಪಾಸು. 1967ರಲ್ಲಿ ಬೆಂಗಳೂರಿನ ಹಲಸೂರಿಗೆ ಹೋಗಿ ಮದ್ರಾಸ್ ಸ್ಯಾಪರ್ಸ್ ದಳಕ್ಕೆ ಸೇರಿದವರು. ಕನ್ನಡಿಗರು, ತಮಿಳರು, ತೆಲುಗರು, ಮಲೆಯಾಳಿಗಳು ಒಂದೇ ಪಂಕ್ತಿಯಲ್ಲಿ ಉಣ್ಣುವ ದಳ ಅದು. ಸೈನ್ಯದಲ್ಲಿ ಅವರಿಗೆಲ್ಲ ‘ತಂಬಿ’ಗಳೆಂದೇ ಹೆಸರು. ದೊಡ್ಡಪ್ಪನವರ ಮೊದಲ ದೂರು ಮುದ್ದೆಯ ಬಗ್ಗೆ. ಚಪಾತಿಯನ್ನು ಎಷ್ಟು ತಿಂದರೂ ತಿಂಡಿ ತಿಂದಂತೆ ಆಗುತ್ತಿತ್ತೇ ಹೊರತು ಊಟವಾದಂತೆ ಆಗುತ್ತಿರಲಿಲ್ಲವಂತೆ. ‘ಆರು ತಿಂಗಳು ನಾನು ಉಂಡೇ ಇಲ್ಲ ಕನಪ್ಪ, ಬರೀ ತಿಂದೆ’ ಎಂದು ಅವರು ಹೇಳಿದಾಗ ನಮ್ಮ ಕಡೆಯವರು ಯಾರೂ ನಗುವುದಿಲ್ಲ. ಅದು ಸತ್ಯವೆಂದು ಎಲ್ಲರಿಗೂ ಗೊತ್ತು. ಆಮೇಲೆ ಬರುವುದು ಹಾಲಿನ ಡಬ್ಬಿಯ ಕಥೆ. ಸಕ್ಕರೆ ಬೆರೆಸಿದ ಗಟ್ಟಿ ಹಾಲಿನ ಡಬ್ಬಿಗೆ ಬಂದೂಕಿನ ಕತ್ತಿಯಿಂದ ಎರಡು ತೂತು ಹೊಡೆದು, ಒಂದರಿಂದ ಗಾಳಿ ಹೋಗಲು ಬಿಟ್ಟು ಇನ್ನೊಂದಕ್ಕೆ ಬಾಯಿಟ್ಟು ಹೀರುವುದು. ಅದಾದ ಮೇಲೆ ಶಕ್ಕರ್‌ಪಾರೆ. ನಮ್ಮ ಶಂಕರಪೋಳಿಯ ಅಣ್ಣನೇ ಅದು. ಮೈದಾ ಹಿಟ್ಟನ್ನು ಸಕ್ಕರೆಯೊಂದಿಗೆ ಕಲಸಿ, ತುಂಡು ಮಾಡಿ ಕರಿದದ್ದು. ಬಹಳ ದಿನ ಕೆಡುವುದಿಲ್ಲ. ಬೆಂಕಿ ಹೊತ್ತಿಸಲಾಗದ ಕಡೆ ಜೇಬಿನಿಂದ ತೆಗೆದು ತಿನ್ನಬಹುದು. ಅದರ ಜೊತೆಗೆ ಹುರಿಗಡಲೆ, ಒಂದು ಚೂರು ಬೆಲ್ಲ. ಬೆಲ್ಲ ಸಿಕ್ಕಿದಾಗಲೆಲ್ಲ ಇದು ನಮ್ಮ ಮಂಡ್ಯದ ಆಲೆಮನೆಯದೇ ಇರಬೇಕೆಂದು ಅಂದುಕೊಂಡು ತಿನ್ನುತ್ತಿದ್ದರಂತೆ.

ಈ ಕಥೆಗಳನ್ನು ನಾನು ಹುಡುಗನಾಗಿದ್ದಾಗಿನಿಂದ ಕೇಳಿದ್ದೇನೆ. ಆದರೆ ಈ ಸಲ ದೊಡ್ಡಪ್ಪ ಕಥೆಯನ್ನು ಮುಂದುವರಿಸಿದರು.

1971ರ ಡಿಸೆಂಬರ್. ಪಶ್ಚಿಮದ ಗಡಿಯಲ್ಲಿ ಶಕರ್‌ಗಢದ ಕಡೆ ಇವರ ತಂಡ ಇತ್ತು. ಟ್ಯಾಂಕುಗಳು ದಾಟುವುದಕ್ಕೆ ನೆಲಬಾಂಬು ಹೂಳಿದ ಹೊಲಗಳಲ್ಲಿ ರಾತ್ರಿಯ ಹೊತ್ತು ದಾರಿ ಬಿಡಿಸುವುದು ಇವರ ಕೆಲಸ. ಜೊತೆಯಲ್ಲಿ ಚಿತ್ತೂರಿನ ಕಡೆಯ ಒಬ್ಬ ಹುಡುಗ. ಇವರಿಗಿಂತ ಒಂದು ವರ್ಷ ಚಿಕ್ಕವನು. ಆ ಸಂಜೆ ಇಬ್ಬರಿಗೂ ಒಂದೊಂದು ಪೊಟ್ಟಣ ಕೊಟ್ಟಿದ್ದರು. ಇವರು ತಮ್ಮದನ್ನು ಆಗಲೇ ತಿಂದು ಮುಗಿಸಿದರು. ಆ ಹುಡುಗ ಮಾತ್ರ ತಿನ್ನಲಿಲ್ಲ. ಕೆಲಸಕ್ಕೆ ಅವನ ಸರದಿ ಮೊದಲು ಬಂತು. ಎದ್ದು ಹೋಗುವಾಗ ಪೊಟ್ಟಣವನ್ನು ಇವರ ಕೈಗೆ ಕೊಟ್ಟು, ‘ಇಟ್ಕೊಂಡಿರು, ಬಂದು ತಿಂತೀನಿ’ ಎಂದನಂತೆ. ಅವನು ಬರಲಿಲ್ಲ.

‘ಬೆಳಗಾನ ಕಾದೆ. ಬೆಳಿಗ್ಗೆ ಅವನು ಹೋದ ಅಂತ ಗೊತ್ತಾಯ್ತು. ಗೊತ್ತಾದ ಮ್ಯಾಲೆ ಅಳು ಬರನಿಲ್ಲ, ವೊಟ್ಟೆ ಹಸೀತು. ಪೊಟ್ಣ ಬಿಚ್ಚಿದೆ, ತಿಂದ್ಬುಟ್ಟೆ. ಒಂದು ಕಡಲೆ ಕಾಳೂ ಬುಡನಿಲ್ಲ.’ ಹೀಗೆ ಹೇಳಿ ದೊಡ್ಡಪ್ಪ ಸ್ವಲ್ಪ ಹೊತ್ತು ಎತ್ತುಗಳ ಕಡೆ ನೋಡುತ್ತಿದ್ದರು. ಬಳಿಕ, ‘ನೀನು ಓದಿದೋನು. ಯೋಳು ಮಗಾ, ನಾನು ಮಾಡಿದ್ದು ತಪ್ಪಾ?’ ಎಂದರು.

ನಾನು ಮೇಷ್ಟ್ರು. ಪ್ರಶ್ನೆ ಕೇಳಿದರೆ ಉತ್ತರ ಹೇಳುವುದು ನಮ್ಮ ಕಸುಬಿನ ದೋಷ. ‘ಖಂಡಿತ ತಪ್ಪಲ್ಲ ದೊಡ್ಡಪ್ಪ. ಅದಕ್ಕೆ ಆಪದ್ಧರ್ಮ ಅಂತಾರೆ’ ಎಂದು ಹೇಳಿ, ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆಯನ್ನೂ ಹೇಳಿದೆ. ಬೆಳೆ ನಾಶವಾಗಿ ಊರಿಗೆ ಊರೇ ಹಸಿದಿದ್ದ ಕಾಲದಲ್ಲಿ ಈ ವಿದ್ವಾಂಸ ಮಾವುತನೊಬ್ಬನ ಬಳಿ ಹೋಗಿ ಅವನು ತಿನ್ನುತ್ತಿದ್ದ ಎಂಜಲು ಕಾಳನ್ನು ಬೇಡಿ ತಿಂದ. ಮಾವುತ ನೀರನ್ನೂ ಕೊಡಹೋದಾಗ ಎಂಜಲು ನೀರು ಬೇಡವೆಂದ. ಕಾಳೂ ಎಂಜಲೇ ಅಲ್ಲವೇ ಎಂದು ಅವನು ಕೇಳಿದ್ದಕ್ಕೆ, ಕಾಳು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ನನಗೆ ಬೇರೆ ಕಡೆ ದೊರೆಯುತ್ತದೆ ಎಂಬ ಅರ್ಥದ ಉತ್ತರ ಕೊಟ್ಟ. ಎಷ್ಟು ಅಗತ್ಯವೋ ಅಷ್ಟಕ್ಕೆ ಮಾತ್ರ ನಿಯಮ ಸಡಿಲ, ಅದರಾಚೆಗೆ ಇಲ್ಲ. ಆಪದ್ಧರ್ಮವನ್ನು ಇದಕ್ಕಿಂತ ಚೊಕ್ಕವಾಗಿ ಬಿಡಿಸಿದ ಕಥೆ ನನಗೆ ತಿಳಿಯದು.

ದೊಡ್ಡಪ್ಪ ತಾಳ್ಮೆಯಿಂದ ಕೇಳಿದರು. ‘ತಪ್ಪಲ್ಲ ಅಂತ ನಂಗೂ ಗೊತ್ತು ಕನಪ್ಪ’ ಎಂದರು. ‘ಆದ್ರೂ ಅದು ಅವನ್ದು ತಾನೇ?’

ಆ ಮಾತಿನ ಮುಂದೆ ನನ್ನ ಉಪನಿಷತ್ತು ನಿಲ್ಲಲಿಲ್ಲ. ಅವರು ಕೇಳಿದ್ದು ಪಾಪದ ಪ್ರಶ್ನೆಯನ್ನಲ್ಲ, ಋಣದ ಪ್ರಶ್ನೆಯನ್ನು. ಇವೆರಡನ್ನೂ ನಾವು ಸುಲಭವಾಗಿ ಬೆರೆಸಿಬಿಡುತ್ತೇವೆ. ಪಾಪಕ್ಕೆ ಶಾಸ್ತ್ರದಲ್ಲಿ ವಿನಾಯಿತಿಯುಂಟು, ಪ್ರಾಯಶ್ಚಿತ್ತವುಂಟು. ಋಣ ಹಾಗಲ್ಲ. ತಪ್ಪು ಮಾಡದೆಯೇ ಮನುಷ್ಯ ಋಣಿಯಾಗಬಹುದು. ತೀರಿಸಬೇಕಾದವನು ಇದ್ದು, ಪಡೆಯಬೇಕಾದವನು ಇಲ್ಲದಿದ್ದರೆ ಆ ಲೆಕ್ಕ ಎಲ್ಲಿ ನಿಲ್ಲುತ್ತದೆ?

ವಿನಾಯಿತಿ ಎಲ್ಲಿಯವರೆಗೆ ಕೆಲಸ ಮಾಡುತ್ತದೆಂಬುದಕ್ಕೆ ಮೊದಲನೆಯ ಮಹಾಯುದ್ಧದಲ್ಲಿ ಒಂದು ನಿದರ್ಶನವಿದೆ. ಆ ಯುದ್ಧದ ಬಗ್ಗೆ ನಾವು ಅಭಿಮಾನದಿಂದ ನೆನೆಯುವುದು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆಯ ದಳವನ್ನು. ಅದಕ್ಕೆ ಎರಡು ವರ್ಷ ಮೊದಲು ಇರಾಕಿನ ಕೂತ್ ಎಂಬಲ್ಲಿ ನಡೆದದ್ದನ್ನು ನೆನೆಯುವವರು ಕಡಿಮೆ. ಅಲ್ಲಿ ಟೌನ್‌ಷೆಂಡ್ ಎಂಬ ಸೇನಾನಿಯ ಕೈಕೆಳಗಿನ ಸೈನ್ಯವನ್ನು ತುರುಕರು 1915ರ ಡಿಸೆಂಬರಿನಲ್ಲಿ ಮುತ್ತಿದರು. 147 ದಿನಗಳಾದ ಮೇಲೆ, 1916ರ ಏಪ್ರಿಲ್ 29ರಂದು ಸೈನ್ಯ ಶರಣಾಯಿತು. ಸೋಲಿಸಿದ್ದು ಮುಖ್ಯವಾಗಿ ಹಸಿವು. ದವಸ ತೀರುತ್ತಾ ಬಂದಾಗ ಕುದುರೆಗಳನ್ನು ಕೊಯ್ದು ಹಂಚಿದರು. ಬಿಳಿಯ ಸಿಪಾಯಿಗಳು ತಿಂದರು; ನಮ್ಮ ದೇಶದ ಸಿಪಾಯಿಗಳಲ್ಲಿ ಬಹುಮಂದಿ ಮುಟ್ಟಲಿಲ್ಲ. ತಿನ್ನಬಹುದೆಂದು ಭಾರತದ ಧರ್ಮಗುರುಗಳಿಂದ ಅಪ್ಪಣೆ ತರಿಸಿ ತಿಳಿಸಿದರೂ ಅವರು ಬಹಳ ದಿನ ಹಿಂದೆಗೆದರು. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಹೊಟ್ಟೆ ತುಂಬಿದವರಿಗೆ ಇನ್ನೂ ಸುಲಭ. ಆದರೆ ಅಪ್ಪಣೆ ಗುರುಗಳಿಂದ ಬರಬಹುದು, ಗಂಟಲಿಗೂ ಒಪ್ಪಿಗೆಯಾಗಬೇಕಲ್ಲ! ತಿನ್ನುವುದು ತಪ್ಪಲ್ಲವೆಂದು ಯಾರೋ ಹೇಳಿದ ಮಾತ್ರಕ್ಕೆ ತಿಂದದ್ದು ಮನಸ್ಸಿನೊಳಗೆ ಅರಗಿಹೋಗುವುದಿಲ್ಲ. ಕೂತ್‌ನಲ್ಲಿ ತಿನ್ನದವರಿಗೂ ಶಕರ್‌ಗಢದಲ್ಲಿ ತಿಂದ ದೊಡ್ಡಪ್ಪನವರಿಗೂ ಇದೊಂದು ಸಾಮ್ಯ.

ಹಾಗಾದರೆ ಸೈನಿಕನ ಅನ್ನದ ಋಣ ಯಾರಿಗೆ ಸಲ್ಲಬೇಕಾದದ್ದು? ನಮ್ಮ ಭಾಷೆಯಲ್ಲಿ ಇದಕ್ಕೊಂದು ಹಳೆಯ ಉತ್ತರವಿದೆ. ಹಳಗನ್ನಡದಲ್ಲಿ ‘ಜೋಳವಾಳಿ’ ಎಂದೊಂದು ಮಾತುಂಟು. ಒಡೆಯನ ಜೋಳವನ್ನು ಉಂಡವನು ಸಮಯ ಬಂದಾಗ ತನ್ನ ಪ್ರಾಣದಿಂದ ಅದನ್ನು ಹಿಂದಿರುಗಿಸಬೇಕೆಂಬ ಕಟ್ಟು ಅದು. ಕ್ರಿ.ಶ. 941ರ ಸುಮಾರಿನ ಪಂಪಭಾರತದಲ್ಲಿ ಕರ್ಣ ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಟ್ಟುಬರದಿರುವುದಕ್ಕೆ ಈ ಕಟ್ಟಿನ ಹಿನ್ನೆಲೆಯಿದೆ. ಇದನ್ನು ತರಗತಿಯಲ್ಲಿ ವರ್ಷ ವರ್ಷವೂ ಪಾಠ ಹೇಳುತ್ತೇನೆ. ಹೇಮಗಿರಿಯಿರುವ ತಾಲ್ಲೂಕಿನಲ್ಲೇ, ಅಗ್ರಹಾರ ಬಾಚಹಳ್ಳಿಯಲ್ಲಿ, ಅದರ ಕಲ್ಲಿನ ಸಾಕ್ಷಿ ನಿಂತಿದೆ. ಗುಡಿಯ ಮುಂದೆ ಕಂಬಗಳು, ಕಂಬದ ತಲೆಯ ಮೇಲೆ ಆನೆಗಳು. ಹೊಯ್ಸಳ ದೊರೆಗಳಿಗೆ ‘ಗರುಡ’ರಾಗಿ, ಒಡೆಯ ಸತ್ತಾಗ ತಾವೂ ಸತ್ತ ಮನೆತನವೊಂದರ ತಲೆಮಾರುಗಳ ಕಥೆಯನ್ನು ಅಲ್ಲಿಯ ಶಾಸನ ಹೇಳುತ್ತದೆ. ಗಂಡಸರೊಂದಿಗೆ ಹೆಂಗಸರೂ ಸತ್ತರು. ಆ ಕಂಬಗಳ ಕೆಳಗೆ ನಿಂತಾಗ ನನಗೆ ಭಕ್ತಿಯೂ ಆಗುತ್ತದೆ, ಮೈ ನಡುಕವೂ ಬರುತ್ತದೆ. ಒಂದು ಹೊತ್ತಿನ ಕೂಳಿಗೆ ಇಷ್ಟು ಬೆಲೆಯೇ? ಒಡೆಯನ ಕಣಜದಲ್ಲಿದ್ದ ಜೋಳವನ್ನು ಬೆಳೆದವನು ಒಡೆಯನೇನೂ ಅಲ್ಲವಲ್ಲ! ಉತ್ತವನು, ಬಿತ್ತವನು, ಕುಯ್ದವನು ಬೇರೆ. ಶಾಸನದಲ್ಲಿ ಅವನ ಹೆಸರು ಬರುವುದಿಲ್ಲ. ಜೋಳವಾಳಿಯ ಲೆಕ್ಕದಲ್ಲಿ ಋಣವೆಂಬುದು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ನೇಗಿಲಿನವನನ್ನು ಮುಟ್ಟದೆ ಸಿಂಹಾಸನವನ್ನು ಸೇರುತ್ತದೆ.

ಇದಕ್ಕೆ ಪೂರಾ ವಿರುದ್ಧವಾದ ಇನ್ನೊಂದು ಲೆಕ್ಕವೂ ನಮ್ಮ ಈ ಸೀಮೆಯಲ್ಲಿಯೇ ನಡೆದಿದೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣವನ್ನು ಹಿಡಿಯಲು ಬಂದ. ಅರಕೆರೆಯ ಹತ್ತಿರ ಟಿಪ್ಪುವಿನ ಸೈನ್ಯದೊಡನೆ ಕಾದಾಟವಾಯಿತು. ಅಂದಿನ ಜಯ ತನ್ನದಾದರೂ ಕೋಟೆಯನ್ನು ಮುತ್ತಿಗೆ ಹಾಕಲು ಅವನಿಂದಾಗಲಿಲ್ಲ. ಏಕೆಂದರೆ ದವಸವಿರಲಿಲ್ಲ, ದವಸ ಹೊರುವ ಎತ್ತುಗಳು ಸಾವಿರಗಟ್ಟಲೆ ಸತ್ತಿದ್ದವು, ಮೇವು ಸುಟ್ಟುಹೋಗಿತ್ತು, ಮಳೆ ಹಿಡಿದಿತ್ತು. ಕನ್ನಂಬಾಡಿಯ ಕಡೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ಹಿಂದಿರುಗುವ ದಾರಿಯಲ್ಲಿ, ಇಂದಿನ ಪಾಂಡವಪುರದ ಸೀಮೆಯಲ್ಲಿ, ಅವನ ಮಿತ್ರರಾದ ಮರಾಠರ ದಂಡು ಎದುರಾಯಿತು. ಅವರ ದಂಡಿನ ಬಜಾರಿನಲ್ಲಿ ಬೇಕಾದಷ್ಟು ದವಸವಿತ್ತು. ಹಸಿದ ಮಿತ್ರರಿಗೆ ಅವರು ಅದನ್ನು ದುಬಾರಿ ಬೆಲೆಗೆ ಮಾರಿದರು. ಜೀವ ಉಳಿಯಿತು, ಆದರೆ ಅಲ್ಲಿ ಯಾರೂ ಯಾರಿಗೂ ಋಣಿಯಾಗಲಿಲ್ಲ. ಕೊಂಡ ಅನ್ನ ಹೊಟ್ಟೆಯನ್ನು ತುಂಬಿಸುತ್ತದೆ. ಅದಕ್ಕೆ ನೆನಪಿನ ಹಂಗಿಲ್ಲ.

ಇಂದಿನ ಸೈನಿಕನ ಪಡಿ ಈ ಎರಡರ ನಡುವಿನದು. ಅದು ದೊರೆಯ ದಯೆಯಲ್ಲ. ಇಂತಿಷ್ಟು ಗ್ರಾಮು ಹಿಟ್ಟು, ಇಂತಿಷ್ಟು ಬೇಳೆ ಎಂದು ತೂಗಿ ಕೊಡುವ ಹಕ್ಕು. ಆ ಹಕ್ಕನ್ನು ಚೆನ್ನಾಗಿ ಸಲ್ಲಿಸಬೇಕೆಂದು ನಮ್ಮ ಮೈಸೂರಿನಲ್ಲೇ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯವನ್ನು ತೆರೆದರು. ತಿಂಗಳುಗಟ್ಟಲೆ ಕೆಡದ ಚಪಾತಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಮುಚ್ಚಿದ ಚೀಲದಲ್ಲೇ ಬೇಯಿಸಿಟ್ಟ ಪಲ್ಯ ಮುಂತಾದವನ್ನು ಹಿಮದ ಮೇಲಿರುವ ಹುಡುಗನ ಬಾಯಿಗೆ ಮುಟ್ಟಿಸಲು ಅಲ್ಲಿಯ ವಿಜ್ಞಾನಿಗಳು ದುಡಿದರು. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಅವರೊಡನೆ ಹೋದ ನಮ್ಮ ದೇಶದ ತಿನಿಸು ಸಿದ್ಧವಾದದ್ದೂ ಅಲ್ಲಿಯೇ. ಇದು ನಿಜವಾಗಿಯೂ ದೊಡ್ಡ ಕೆಲಸ. ಉಣಿಸುವವನೇ ಉಣ್ಣುವವನಿಗೆ ಋಣಿಯೆಂಬ ಅರಿವು ಇದರ ಹಿಂದೆ ಇದೆ. ಜೋಳವಾಳಿ ಇಲ್ಲಿ ತಲೆಕೆಳಗಾಗಿದೆ, ಆಗಬೇಕಾದದ್ದೇ. ಕಾಯುವವನಿಗೆ ಕೂಳು ಕೊಟ್ಟು ಉಪಕಾರ ಮಾಡಿದೆವೆಂದು ಹೇಳಿಕೊಳ್ಳುವ ನಾಡು ಮರ್ಯಾದಸ್ಥ ನಾಡಲ್ಲ.

ಆದರೆ ಪೊಟ್ಟಣ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋದ ಕೂಡಲೇ ಸರ್ಕಾರದ ತಕ್ಕಡಿ ಕೆಲಸಕ್ಕೆ ಬರುವುದಿಲ್ಲ. ಚಿತ್ತೂರಿನ ಹುಡುಗನಿಗೆ ಸಂದದ್ದು ಅವನ ಪಾಲು. ಅದನ್ನು ಅವನು ದಾನ ಮಾಡಲಿಲ್ಲ, ಮಾರಲಿಲ್ಲ, ನಂಬಿ ಇಟ್ಟುಹೋದ. ಇಟ್ಟದ್ದನ್ನು ಕೇಳಲು ಬರಲಿಲ್ಲ. ಮೇಲಿನವನಿಗೆ ಸಲ್ಲಿಸಬೇಕಾದ ಋಣವನ್ನು ಸೇವೆಯಿಂದ ತೀರಿಸಬಹುದು. ಮಾರಿದವನಿಗೆ ಹಣ ಕೊಟ್ಟರಾಯಿತು. ಸರಿಸಮನಾದ ಗೆಳೆಯ ಇಟ್ಟುಹೋದದ್ದಕ್ಕೆ ಯಾವ ನಾಣ್ಯ? ದೊಡ್ಡಪ್ಪ ಸರ್ಕಾರದ ಅನ್ನವನ್ನು ಹದಿನೇಳು ವರ್ಷ ಉಂಡರು. ಅದರ ಬಗ್ಗೆ ಅವರಿಗೆ ಒಂದು ದಿನವೂ ಹಂಗೆನಿಸಲಿಲ್ಲ. ದುಡಿದೆ, ಉಂಡೆ ಎನ್ನುತ್ತಾರೆ. ಒಂದು ಹಿಡಿ ಕಡಲೆ, ನಾಲ್ಕು ತುಂಡು ಶಕ್ಕರ್‌ಪಾರೆ, ಒಂದು ಚೂರು ಬೆಲ್ಲ ಮಾತ್ರ ಐವತ್ತು ವರ್ಷದಿಂದ ಎದೆಯಲ್ಲಿ ಕುಳಿತಿದೆ.

ಹಳೆಯ ಸೈನಿಕರು ಊಟದ ಮಾತನ್ನೇ ಏಕೆ ಆಡುತ್ತಾರೆಂಬುದು ನನಗೆ ಆಗ ಹೊಳೆಯಿತು. ಯುದ್ಧದಲ್ಲಿ ಕೊಲ್ಲುವುದೂ ಸಾಯುವುದೂ ಅಪ್ಪಣೆಯಂತೆ ನಡೆಯುತ್ತವೆ; ಅವುಗಳ ಲೆಕ್ಕವನ್ನು ಅಪ್ಪಣೆ ಕೊಟ್ಟವರ ಖಾತೆಗೆ ಬರೆಯಬಹುದು. ಉಣ್ಣುವುದು ಹಾಗಲ್ಲ. ಯಾರೊಡನೆ ಹಂಚಿಕೊಂಡೆ, ಯಾರಿಗೆ ಕೊಡಲಿಲ್ಲ, ಯಾರದನ್ನು ತಿಂದೆ ಎಂಬುದು ಅವನವನ ಸ್ವಂತ ನಡತೆ. ಅಷ್ಟು ದೊಡ್ಡ ಗದ್ದಲದ ನಡುವೆ ಅವನು ತಾನಾಗಿ ಮಾಡಿದ ಕೆಲಸಗಳೆಂದರೆ ಅವು. ಆದ್ದರಿಂದಲೇ ಅವು ನೆನಪಿನಲ್ಲಿ ಉಳಿಯುತ್ತವೆ, ಕೆಲವು ಸಲ ಚುಚ್ಚುತ್ತವೆ. ನಾವು ಪಟ್ಟಣದವರು ಸ್ವಾತಂತ್ರ್ಯ ದಿನದಂದು ಇಂಥವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಶೌರ್ಯದ ಕಥೆ ಹೇಳಿಸುತ್ತೇವೆ. ಅವರು ಬೇಳೆ, ಚಹಾ ಎಂದು ಆರಂಭಿಸಿದರೆ ಸಭೆಯಲ್ಲಿ ಗಡಿಯಾರ ನೋಡುವವರು ಹೆಚ್ಚು. ನಾನೂ ನೋಡಿದ್ದೇನೆ.

ಇಷ್ಟೆಲ್ಲ ಯೋಚಿಸಿದ ಮೇಲೂ ದೊಡ್ಡಪ್ಪನವರಿಗೆ ಹೇಳಬಹುದಾದ ಒಂದು ಉತ್ತರ ನನಗೆ ಸಿಗಲಿಲ್ಲ. ಉತ್ತರಕ್ಕಾಗಿ ಅವರು ಕಾದೂ ಇರಲಿಲ್ಲ. ಎದ್ದು ಅಂಗಡಿಗೆ ಹೋಗಿ ಒಂದಷ್ಟು ಹುರಿಗಡಲೆ, ಬೆಲ್ಲ ಕಟ್ಟಿಸಿಕೊಂಡು ಬಂದರು. ದಾರಿಯಲ್ಲಿ ಆಡುತ್ತಿದ್ದ, ಯಾರ ಮನೆಯವೋ ತಿಳಿಯದ ಹುಡುಗರನ್ನು ಕರೆದು ಒಂದೊಂದು ಹಿಡಿ ಕೊಟ್ಟರು. ನನಗೆ ತಟ್ಟನೆ ನೆನಪಾಯಿತು. ನಾನು ಏಳೆಂಟು ವರ್ಷದವನಾಗಿದ್ದಾಗ ಇದೇ ಜಾತ್ರೆಯಲ್ಲಿ ಇವರು ನನ್ನ ಅಂಗಿಯ ಜೇಬಿಗೆ ಕಡಲೆ, ಬೆಲ್ಲ ತುಂಬುತ್ತಿದ್ದರು. ಊರಿನ ಎಲ್ಲ ಹುಡುಗರಿಗೂ ಕೊಡುತ್ತಿದ್ದರು. ಮಿಲಿಟರಿಯವರ ಧಾರಾಳವೆಂದು ನಮ್ಮಪ್ಪ ಹೇಳುತ್ತಿದ್ದರು. ಅದು ಧಾರಾಳವಾಗಿರಲಿಲ್ಲ. ‘ಪ್ರತಿ ವರ್ಷ ಕೊಡ್ತೀರಲ್ಲ ದೊಡ್ಡಪ್ಪ, ತೀರಿತು ಅನ್ನಿಸುತ್ತಾ?’ ಎಂದು ಕೇಳಿದೆ. ‘ಎಲ್ಲಿ ತೀರತದೆ! ಸುಮ್ನೆ ಇರಕ್ಕಾಗಲ್ಲ, ಅದಕ್ಕೆ ಕೊಡ್ತೀನಿ, ಅಸ್ಟೇಯ’ ಎಂದರು.

ತೀರುವುದಿಲ್ಲವೆಂದು ಗೊತ್ತಿದ್ದೂ ಕೊಡುತ್ತಾ ಹೋಗುವುದು ವ್ಯರ್ಥವೆಂದು ಲೆಕ್ಕ ಬಲ್ಲವರು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಹಿಂದಿರುಗಿಸಲಾಗದ ಋಣವನ್ನು ಮುಂದಕ್ಕೆ ಕೊಡಬಹುದು. ಅದರಿಂದ ಕೊಟ್ಟವನ ಭಾರ ಇಳಿಯಲಾರದು. ಆದರೆ ಸತ್ತವನ ಪಾಲು ಸತ್ತವನೊಂದಿಗೆ ಮುಗಿದುಹೋಗದೆ ಯಾವುದಾದರೊಂದು ಬಾಯಿಯನ್ನು ಸೇರುತ್ತದೆ. ಜೋಳವಾಳಿ ಉಂಡವನಿಂದ ಪ್ರಾಣವನ್ನು ಕೇಳಿತು. ಇದು ಕೇಳುವುದು ಒಂದು ಹಿಡಿ ಕಡಲೆಯನ್ನು. ಆದರೆ ವರ್ಷ ವರ್ಷವೂ, ಬದುಕಿರುವವರೆಗೂ ಕೇಳುತ್ತದೆ. ಯಾವುದು ಕಠಿಣವೆಂದು ವಾಚಕರೇ ನಿರ್ಧರಿಸಲಿ. ನಾನೂ ಆ ಕಡಲೆಯನ್ನು ತಿಂದವನು. ಲೆಕ್ಕದಿಂದ ಹೊರಗೆ ನಿಂತು ತೀರ್ಪು ಹೇಳುವ ಅಧಿಕಾರ ನನಗಿಲ್ಲ.

ಹೊರಡುವಾಗ ದೊಡ್ಡಪ್ಪ ಮಿಕ್ಕ ಪೊಟ್ಟಣವನ್ನು ನನ್ನ ಚೀಲಕ್ಕೆ ಹಾಕಿದರು. ರಾತ್ರಿ ಮನೆಗೆ ಬಂದಾಗ ನನ್ನ ಮಗಳು ಅದನ್ನು ಬಿಚ್ಚಿ ತಿನ್ನುತ್ತಾ, ‘ಯಾರು ಕೊಟ್ಟಿದ್ದು ಅಪ್ಪಾ?’ ಎಂದಳು. ದೊಡ್ಡಪ್ಪನವರ ಹೆಸರು ಬಾಯಿಗೆ ಬಂದಿತ್ತು. ಒಂದು ಕ್ಷಣ ಯೋಚಿಸಿ, ‘ಚಿತ್ತೂರಿನವರು ಒಬ್ಬರು’ ಎಂದೆ.